ಹೊಡೆತ ಬಿಡಿ, ತಡೆ ನೋಡಿ

ಪ್ರಶ್ನೆ: ನಾನು ಮಾರ್ಟಲ್ ಕಾಂಬ್ಯಾಟ್ ಆಡಿಕೊಂಡೇ ಬೆಳೆದವನು. ಮನೆಯಲ್ಲಿ ತಮ್ಮ ಟೆಕ್ಕೆನ್ ಬಿಟ್ಟು ಏಳುವುದಿಲ್ಲ. ಗೆಳೆಯನೊಬ್ಬ ಸ್ಟ್ರೀಟ್ ಫೈಟರ್ ಒಂದೇ ನಿಜವಾದ ಫೈಟಿಂಗ್ ಗೇಮ್, ಟೆಕ್ಕೆನ್‌ನಲ್ಲಿ ಕಣ್ಣು ಮುಚ್ಚಿ ಬಟನ್ ಕುಟ್ಟಿದರೂ ಗೆಲ್ಲಬಹುದು, ಮಾರ್ಟಲ್ ಕಾಂಬ್ಯಾಟ್‌ನಲ್ಲಿ ರಕ್ತ ಬಿಟ್ಟರೆ ಏನೂ ಇಲ್ಲ ಎನ್ನುತ್ತಾನೆ. ಮೂರರಲ್ಲಿ ಯಾವುದು ಆಳವಾದದ್ದು? ಒಂದನ್ನು ಆರಿಸಿಕೊಂಡು ಗಟ್ಟಿಯಾಗಿ ಕಲಿಯಬೇಕೆಂದಿದ್ದೇನೆ. ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ ಸಿಗುತ್ತದೆ.

ಉತ್ತರ: ಈ ವಾದಕ್ಕೆ ಕೂತವರೆಲ್ಲ ಹೊಡೆತಗಳನ್ನೇ ಎಣಿಸುತ್ತಾರೆ. ಇದರಲ್ಲಿ ಹಡೋಕೆನ್ ಎಂಬ ಶಕ್ತಿಯುಂಡೆ ಇದೆ, ಅದರಲ್ಲಿ ಸೋತವನನ್ನು ಕೊಂದು ಮುಗಿಸುವ ಫೇಟಾಲಿಟಿ ಇದೆ, ಇನ್ನೊಂದರಲ್ಲಿ ಗಾಳಿಯಲ್ಲೇ ಹತ್ತು ಏಟಿನ ಕಾಂಬೊ ಇದೆ. ಹಾಗೆ ಎಣಿಸುತ್ತಾ ಕೂತರೆ ಬೆಳಗಾದರೂ ಮುಗಿಯುವುದಿಲ್ಲ, ಏಕೆಂದರೆ ಹೊಡೆಯುವುದರಲ್ಲಿ ಮೂರೂ ಸಾಕಷ್ಟು ಶ್ರೀಮಂತ. ಹೊಸ ಫೈಟಿಂಗ್ ಗೇಮ್ ಕೈಗೆ ಬಂದಾಗ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಬೇರೆ. ಏಟು ಬರುತ್ತಿದೆ, ಅದನ್ನು ಹೇಗೆ ತಡೆಯಬೇಕು? ಬಟನ್ ಒತ್ತಬೇಕೋ, ಸ್ಟಿಕ್ ಎಳೆಯಬೇಕೋ, ಸುಮ್ಮನೆ ನಿಂತರೆ ಸಾಕೋ? ತಡೆದದ್ದಕ್ಕೆ ನಾನು ತೆರಬೇಕಾದ ಬೆಲೆ ಏನು? ಇಷ್ಟು ಗೊತ್ತಾದರೆ ಆ ಆಟದ ಸ್ವಭಾವ ಮುಕ್ಕಾಲು ಪಾಲು ಗೊತ್ತಾದಂತೆ. ನಿಮ್ಮ ಮೂರು ಸರಣಿಗಳು ನಿಜಕ್ಕೂ ದೂರವಾಗುವುದು ಇಲ್ಲೇ.

ಸ್ಟ್ರೀಟ್ ಫೈಟರ್‌ನಲ್ಲಿ ತಡೆಯಲು ಬೇರೆ ಬಟನ್ ಇಲ್ಲ. ಎದುರಾಳಿಯಿಂದ ದೂರಕ್ಕೆ, ಅಂದರೆ ಹಿಂದಕ್ಕೆ, ಸ್ಟಿಕ್ ಎಳೆದು ಹಿಡಿಯಬೇಕು. ಹಿಂದಕ್ಕೆ ನಡೆಯುವುದೂ ಹೀಗೆಯೇ. ಹೆದರಿಕೊಂಡು ಹಿಂದೆ ಎಳೆದು ಕೂತವನು ಒಂದೊಂದೇ ಹೆಜ್ಜೆ ಜಾಗ ಬಿಟ್ಟುಕೊಡುತ್ತಾ ಪರದೆಯ ಮೂಲೆ ಸೇರುತ್ತಾನೆ. ಅಲ್ಲಿಗೆ ಹೋದ ಮೇಲೆ ತಡೆಯಬಹುದು, ತಪ್ಪಿಸಿಕೊಳ್ಳಲಾಗದು. ತಡೆದು ಕೂತವನನ್ನು ಎದುರಾಳಿ ಹತ್ತಿರ ಬಂದು ಹಿಡಿದು ಎಸೆಯುತ್ತಾನೆ, ಥ್ರೋಗೆ ಬ್ಲಾಕ್ ಅಡ್ಡಬರುವುದಿಲ್ಲ. ಬಗ್ಗಿ ತಡೆದರೆ ಹಾರಿ ಬಂದು ಒದೆಯುತ್ತಾನೆ, ನಿಂತು ತಡೆದರೆ ಕಾಲಿಗೆ ಹೊಡೆಯುತ್ತಾನೆ. ನಿಮ್ಮ ತಲೆಯ ಮೇಲಿಂದ ಹಾರಿ ಆಚೆ ಬದಿಯಲ್ಲಿ ಇಳಿದನೆಂದರೆ ‘ಹಿಂದೆ’ ಎನ್ನುವ ದಿಕ್ಕೇ ಅದಲು ಬದಲು. ಆಟಗಾರರು ಕ್ರಾಸ್‌ಅಪ್ ಎನ್ನುವುದು ಇದನ್ನೇ. ಹಿಂದಕ್ಕೆ ಎಳೆಯುವ ಒಂದೇ ಚಲನೆಗೆ ಇಷ್ಟೆಲ್ಲ ಅರ್ಥ ಹೊರಿಸಿದ್ದರಿಂದಲೇ ಸ್ಟ್ರೀಟ್ ಫೈಟರ್ ಜಾಗದ ಆಟವಾಯಿತು. ಇದರಲ್ಲಿ ಪಳಗಿದವರ ಪಂದ್ಯ ನೋಡಿದರೆ ಹೊಡೆತಗಳಿಗಿಂತ ಮುಂದೊಂದು ಹೆಜ್ಜೆ, ಹಿಂದೊಂದು ಹೆಜ್ಜೆ ಹಾಕುವುದೇ ಹೆಚ್ಚು ಕಾಣುತ್ತದೆ. ಹೊಸಬರಿಗೆ ಅದು ಬೇಸರ. ಆಡುವವರಿಗೆ ಇರುವ ಸುಖವೆಲ್ಲ ಅದರಲ್ಲೇ.

ಗೈಲ್ ಎಂಬ ಪಾತ್ರವನ್ನೇ ನೋಡಿ. ದೂರದಿಂದಲೇ ಎಸೆಯುವ ಅವನ ಸಾನಿಕ್ ಬೂಮ್ ಬರಬೇಕಾದರೆ ಸ್ಟಿಕ್ಕನ್ನು ಕೆಲಕಾಲ ಹಿಂದೆ ಹಿಡಿದಿದ್ದು ತಟ್ಟನೆ ಮುಂದಕ್ಕೆ ತಳ್ಳಿ ಪಂಚ್ ಒತ್ತಬೇಕು. ಅಂದರೆ ಅವನು ತಡೆಯುತ್ತಿರುವಾಗಲೇ ಆಯುಧವನ್ನೂ ಮಸೆಯುತ್ತಿರುತ್ತಾನೆ. ಆದರೆ ಮುಂದೆ ನಡೆದನೋ, ಮಸೆದದ್ದೆಲ್ಲ ವ್ಯರ್ಥ. 1991ರ ಸ್ಟ್ರೀಟ್ ಫೈಟರ್ 2ರಲ್ಲೇ ಈ ಲೆಕ್ಕಾಚಾರ ಇತ್ತು. ಇಂದಿಗೂ ಅದನ್ನು ಬದಲಿಸುವ ಅಗತ್ಯ ಯಾರಿಗೂ ಕಂಡಿಲ್ಲ.

1997ರ ಸ್ಟ್ರೀಟ್ ಫೈಟರ್ 3 ಈ ನಿಯಮವನ್ನೇ ತಲೆಕೆಳಗು ಮಾಡಿತು. ಏಟು ತಾಗುವ ಕ್ಷಣಕ್ಕೆ ಸರಿಯಾಗಿ ಹಿಂದಕ್ಕೆ ಎಳೆಯುವ ಬದಲು ಮುಂದಕ್ಕೆ ತಟ್ಟಿದರೆ ಏಟು ಪೂರ್ತಿ ಜಾರಿಹೋಗುತ್ತದೆ, ಅದೇ ಪ್ಯಾರಿ. ತಪ್ಪಿದರೆ ಎದೆ ತೆರೆದು ನಿಂತಂತೆ. 2004ರ ಇವೊ ಪಂದ್ಯಾವಳಿಯಲ್ಲಿ ಡೈಗೊ ಉಮೆಹಾರಾ ಆಡುತ್ತಿದ್ದ ಕೆನ್ ಎಂಬ ಪಾತ್ರಕ್ಕೆ ಉಳಿದಿದ್ದ ಜೀವ ಒಂದು ಗೆರೆಯಷ್ಟು. ಬ್ಲಾಕ್ ಮಾಡಿದರೂ ಚಿಪ್ ಡ್ಯಾಮೇಜ್‌ಗೆ, ಅಂದರೆ ತಡೆದ ಏಟೂ ಕಡಿಯುವ ಚೂರು ಜೀವಕ್ಕೆ, ಸಾಯುವ ಸ್ಥಿತಿ. ಎದುರಿನಲ್ಲಿ ಜಸ್ಟಿನ್ ವಾಂಗ್ ಅವರ ಚುನ್-ಲೀ 15 ಏಟಿನ ಸೂಪರ್ ಬಿಟ್ಟಳು. ಡೈಗೊ ಅಷ್ಟನ್ನೂ ಒಂದೊಂದಾಗಿ ಪ್ಯಾರಿ ಮಾಡಿ, ಕೊನೆಯದಕ್ಕೆ ನೆಲ ಬಿಟ್ಟು ಹಾರಿ, ಇಳಿದು ಬಂದು ಆ ಸುತ್ತು ಗೆದ್ದರು. ಫೈಟಿಂಗ್ ಗೇಮ್‌ಗಳ ಚರಿತ್ರೆಯಲ್ಲಿ ಅತಿ ಹೆಚ್ಚು ಜನ ಮತ್ತೆ ಮತ್ತೆ ನೋಡಿದ ಕ್ಷಣ ಯಾವುದೆಂದು ಕೇಳಿದರೆ ಬಹುತೇಕರು ಇದನ್ನೇ ತೋರಿಸುತ್ತಾರೆ. ಜನ ಎದ್ದು ನಿಂತು ಕೂಗಿದ್ದು ತಡೆಗೆ ಎಂಬುದನ್ನು ಗಮನಿಸಿ. ಅಂದಹಾಗೆ, ಆ ಪಂದ್ಯಾವಳಿಯನ್ನು ಡೈಗೊ ಗೆಲ್ಲಲಿಲ್ಲ. ಅದು ಯಾರಿಗೂ ನೆನಪಿಲ್ಲ.

2023ರ ಸ್ಟ್ರೀಟ್ ಫೈಟರ್ 6 ತಡೆಗೆ ಹೊಸ ಬೆಲೆ ಕಟ್ಟಿದೆ. ಪ್ರತಿಯೊಬ್ಬರೂ ಡ್ರೈವ್ ಗೇಜ್ ಎಂಬ ಆರು ಪಟ್ಟಿಯ ಶಕ್ತಿಮಾಪಕ ತುಂಬಿಸಿಕೊಂಡೇ ಸುತ್ತಿಗೆ ಇಳಿಯುತ್ತಾರೆ. ತಡೆದಷ್ಟೂ ಅದು ಕರಗುತ್ತದೆ. ಬರಿದಾದರೆ ಬರ್ನ್‌ಔಟ್: ಆಮೇಲೆ ತಡೆದ ವಿಶೇಷ ಹೊಡೆತಗಳೂ ಜೀವ ಕಡಿಯುತ್ತವೆ, ಮೂಲೆಯಲ್ಲಿ ಡ್ರೈವ್ ಇಂಪ್ಯಾಕ್ಟ್ ಎಂಬ ಭಾರಿ ಹೊಡೆತವನ್ನು ತಡೆದರೂ ತಲೆ ತಿರುಗಿ ನಿಲ್ಲಬೇಕಾಗುತ್ತದೆ. ಈ ಡ್ರೈವ್ ಇಂಪ್ಯಾಕ್ಟ್ ಶುರುವಾಗಿ ತಾಗುವುದಕ್ಕೆ 26 ಫ್ರೇಮ್ ಹಿಡಿಯುತ್ತದೆ. ಆಟ ಸೆಕೆಂಡಿಗೆ 60 ಫ್ರೇಮ್ ಓಡುವುದರಿಂದ ಅದು ಅರ್ಧ ಸೆಕೆಂಡಿಗಿಂತ ಸ್ವಲ್ಪ ಕಡಿಮೆ. ಕಣ್ಣಿಗೆ ಕಂಡ ಮೇಲೆ ಕೈ ಆಡಿಸಲು ಸಾಕು, ಆದರೆ ಮನಸ್ಸು ಬೇರೆಲ್ಲೋ ಇದ್ದರೆ ಸಾಲದು. ಅಳೆದು ತೂಗಿ ಇಟ್ಟ ಸಂಖ್ಯೆ ಅದು.

ಈಗ ನಿಮ್ಮ ಹಳೆಯ ಮನೆಗೆ ಬರೋಣ. 1992ರಲ್ಲಿ ಮಿಡ್‌ವೇ ಕಂಪನಿಯ ಎಡ್ ಬೂನ್ ಮತ್ತು ಜಾನ್ ಟೋಬಿಯಾಸ್ ಸಣ್ಣ ತಂಡವೊಂದನ್ನು ಕಟ್ಟಿಕೊಂಡು ಮಾರ್ಟಲ್ ಕಾಂಬ್ಯಾಟ್ ಮಾಡಿದಾಗ ಎಲ್ಲರ ಕಣ್ಣು ಬಿದ್ದದ್ದು ರಕ್ತದ ಮೇಲೆ, ಕ್ಯಾಮೆರಾದಲ್ಲಿ ಹಿಡಿದ ನಿಜವಾದ ಮನುಷ್ಯರ ಚಿತ್ರಗಳ ಮೇಲೆ. 1993ರ ಡಿಸೆಂಬರಿನಲ್ಲಿ ಅಮೆರಿಕದ ಸೆನೆಟ್‌ನಲ್ಲಿ ವಿಚಾರಣೆಯೇ ನಡೆದು, ಮರುವರ್ಷ ಗೇಮ್‌ಗಳಿಗೆ ವಯಸ್ಸಿನ ಗುರುತು ಹಾಕುವ ಇಎಸ್‌ಆರ್‌ಬಿ ಹುಟ್ಟಿತು. ಆ ಗದ್ದಲದಲ್ಲಿ ಇನ್ನೊಂದು ದೊಡ್ಡ ಬದಲಾವಣೆ ಯಾರ ಬಾಯಿಗೂ ಬರಲಿಲ್ಲ: ಐದು ಬಟನ್‌ಗಳ ನಡುವೆ ಕೂತಿದ್ದ ಬ್ಲಾಕ್ ಬಟನ್. ಇದರಲ್ಲಿ ಹಿಂದಕ್ಕೆ ನಡೆಯುವುದೆಂದರೆ ಬರೀ ನಡೆಯುವುದು, ತಡೆಯಲ್ಲ. ಬ್ಲಾಕ್ ಒತ್ತಿದಿರೋ, ಕಾಲು ನೆಲಕ್ಕೆ ನೆಟ್ಟ ಹಾಗೆ. ನಡೆಯುತ್ತಲೇ ತಡೆಯುವ ಸೌಲಭ್ಯ ಇಲ್ಲ. ಅದಕ್ಕೇ ಮಾರ್ಟಲ್ ಕಾಂಬ್ಯಾಟ್‌ನ ಲಯ ನಿಲ್ಲು-ಓಡು, ನಿಲ್ಲು-ಓಡು. ಬೇರೆ ಸರಣಿಯವರಿಗೆ ಇದು ಬೊಂಬೆಯಾಟದ ಹಾಗೆ ಬಿಗಿಯಾಗಿ ಕಾಣುವುದಕ್ಕೂ ಇದೇ ಕಾರಣ.

ಆದರೆ ಬಟನ್ ಕೊಟ್ಟದ್ದೂ ಉಂಟು. ಎದುರಾಳಿ ಯಾವ ಬದಿಯಲ್ಲಿದ್ದರೂ ಬ್ಲಾಕ್ ಎಂದರೆ ಬ್ಲಾಕ್, ಎಡ ಬಲದ ಗೊಂದಲ ಬಹುಮಟ್ಟಿಗೆ ಇಲ್ಲ. ಸ್ಕಾರ್ಪಿಯನ್ ಹಾಗೆ ಮಾಯವಾಗಿ ಬೆನ್ನ ಹಿಂದೆ ಪ್ರತ್ಯಕ್ಷವಾಗುವ ವೀರರು ಈ ಸರಣಿಯಲ್ಲಿ ಇಷ್ಟೊಂದು ಮಂದಿ ಇರುವುದಕ್ಕೆ ಈ ಬಟನ್ನೇ ಅವಕಾಶ ಮಾಡಿಕೊಟ್ಟಿರಬೇಕು ಎಂಬುದು ನನ್ನ ಊಹೆ. ಸ್ಟ್ರೀಟ್ ಫೈಟರ್‌ನಲ್ಲಿ ಅಷ್ಟು ಟೆಲಿಪೋರ್ಟ್ ಇಟ್ಟಿದ್ದರೆ ಆಡುವವರಿಗೆ ಹುಚ್ಚು ಹಿಡಿಯುತ್ತಿತ್ತು. 1995ರ ಮೂರನೆಯ ಆಟದಿಂದ ಬಂದ, ಮೊದಲೇ ಹೆಣೆದಿಟ್ಟ ಬಟನ್ ಸರಗಳೂ ಇದಕ್ಕೆ ಹೊಂದಿಕೊಂಡವು. ಎದುರಾಳಿ ಯಾವ ಸರ ಬಿಡುತ್ತಿದ್ದಾನೆ, ಅದರ ಮೂರನೆಯ ಏಟು ಮೇಲಿಂದಲೋ ಕಾಲಿಗೋ ಎಂದು ಗುರುತಿಸಿ ತಡೆಯನ್ನು ಮೇಲೆ ಕೆಳಗೆ ಮಾಡುವುದೇ ಇಲ್ಲಿನ ವಿದ್ಯೆ. ಹಾಗಾಗಿ ‘ಬರೀ ರಕ್ತ’ ಎನ್ನುವ ನಿಮ್ಮ ಗೆಳೆಯ ಪೊಟ್ಟಣದ ಮೇಲಿನ ಚಿತ್ರ ನೋಡಿ ಮಾತಾಡುತ್ತಿದ್ದಾರೆ. ಆದರೂ ಒಂದು ಮಾತು ಒಪ್ಪುತ್ತೇನೆ. ಈ ಸರಣಿಯ ತಂಡ ಪ್ರತಿ ಸಲವೂ ಮನೆ ಕೆಡವಿ ಹೊಸದಾಗಿ ಕಟ್ಟುತ್ತದೆ. 2019ರ 11ನೆಯ ಆಟದಲ್ಲಿ ಕಲಿತದ್ದು ಎಣಿಕೆಯನ್ನೇ ಮತ್ತೆ ಒಂದರಿಂದ ಶುರು ಮಾಡಿದ 2023ರ ಮಾರ್ಟಲ್ ಕಾಂಬ್ಯಾಟ್ 1ರಲ್ಲಿ ಅರ್ಧಕ್ಕರ್ಧ ಕೆಲಸಕ್ಕೆ ಬರಲಿಲ್ಲ. ಅಲ್ಲಿ ಕ್ಯಾಮಿಯೊ ಎಂಬ ಸಹಾಯಕರನ್ನು ಜೊತೆಗಿಟ್ಟುಕೊಂಡು ಬೇರೆಯೇ ಆಟ ಆಡಬೇಕು. ಕಥೆಗಾಗಿ, ಗೆಳೆಯರೊಂದಿಗೆ ಸಂಜೆ ಕಳೆಯುವುದಕ್ಕಾಗಿ ಕೊಳ್ಳುವವರಿಗೆ ಈ ಹೊಸತನ ಹಬ್ಬ. 11ನೆಯ ಆಟ ಒಂದೂವರೆ ಕೋಟಿ ಪ್ರತಿ ಮಾರಾಟವಾದದ್ದು ಸುಮ್ಮನೆ ಅಲ್ಲ. ಹತ್ತು ವರ್ಷ ಒಂದೇ ವಿದ್ಯೆ ಮಸೆಯಬೇಕೆನ್ನುವವರಿಗೆ ಮಾತ್ರ ಕಷ್ಟ.

ಟೆಕ್ಕೆನ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇದರ ಬಗ್ಗೆಯೇ. ಮೊದಲು ಇದರ ಹುಟ್ಟು. 1993ರಲ್ಲಿ ಸೆಗಾ ಕಂಪನಿಯ ಯು ಸುಜುಕಿ ವರ್ಚುವಾ ಫೈಟರ್ ತಂದರು. ಮೂರೇ ಬಟನ್: ಪಂಚ್, ಕಿಕ್, ಗಾರ್ಡ್. ಆ ತಂಡದಲ್ಲಿ ದುಡಿದಿದ್ದ ಸೇಯಿಚಿ ಇಶಿ ಅಲ್ಲಿಂದ ಹೊರಟು ನಾಮ್ಕೊ ಸೇರಿ 1994ರಲ್ಲಿ ಟೆಕ್ಕೆನ್ ಮಾಡಿದರು. ಅದರಲ್ಲಿ ಗಾರ್ಡ್ ಬಟನ್ ಇಲ್ಲ. ನಾಲ್ಕು ಬಟನ್, ಎರಡು ಕೈ ಎರಡು ಕಾಲಿಗೆ ಒಂದೊಂದು. ಇಂದಿನ ಟೆಕ್ಕೆನ್‌ನಲ್ಲಿ ಏನನ್ನೂ ಮುಟ್ಟದೆ ಸುಮ್ಮನೆ ನಿಂತರೂ ನಿಮ್ಮ ಪಾತ್ರ ತಲೆಗೆ, ಹೊಟ್ಟೆಗೆ ಬರುವ ಏಟುಗಳನ್ನು ತಾನೇ ತಡೆದುಕೊಳ್ಳುತ್ತದೆ. ಇದು ಗೊತ್ತಿಲ್ಲದೆ ವರ್ಷಗಟ್ಟಲೆ ಆಡಿದವರನ್ನು ನಾನು ಕಂಡಿದ್ದೇನೆ. ನಾನೂ ಅವರಲ್ಲೊಬ್ಬ. ಸ್ಟ್ರೀಟ್ ಫೈಟರ್ ಕೈಯಿಂದ ಟೆಕ್ಕೆನ್‌ಗೆ ಬಂದು, ಯಾವಾಗಲೂ ಹಿಂದಕ್ಕೆ ಎಳೆದುಕೊಂಡು, ಹೊಡೆಯಬಹುದಾದ ದೂರವನ್ನೆಲ್ಲ ಕಳೆದುಕೊಂಡು ‘ಇದೆಂಥ ಆಟ’ ಎಂದು ಬೈದಿದ್ದೇನೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ತಡೆ ಪುಕ್ಕಟೆ ಸಿಕ್ಕರೆ ಆಟ ನಿಂತುಹೋಗಬೇಕಲ್ಲ? ಹೋಗುವುದಿಲ್ಲ. ಏಟುಗಳು ಮೂರು ಎತ್ತರದಲ್ಲಿ ಬರುತ್ತವೆ. ತಲೆಯ ಮಟ್ಟದ್ದನ್ನು ನಿಂತು ತಡೆಯಬಹುದು, ಬಗ್ಗಿದರೆ ಮೇಲೇ ಹಾದುಹೋಗುತ್ತದೆ. ನಡುಮಟ್ಟದ್ದನ್ನು ನಿಂತೇ ತಡೆಯಬೇಕು, ಬಗ್ಗಿದವನನ್ನು ಗಾಳಿಗೆ ಎತ್ತಿ ಹಾಕುವ ಅಪಾಯ ಇದರಲ್ಲೇ. ಕಾಲಿನದನ್ನು ಬಗ್ಗಿ ತಡೆಯಬೇಕು. ಕಾಲಿಗೆ ಬೀಳುವ ಸಣ್ಣ ಏಟು ಸ್ವಲ್ಪವೇ ನೋವು ಕೊಡುತ್ತದೆ, ದೊಡ್ಡ ಏಟು ನಿಧಾನವಾಗಿ ಬರುತ್ತದೆ. ಬ್ರಯಾನ್ ಫ್ಯೂರಿಯ ಸ್ನೇಕ್ ಎಡ್ಜ್ ಬರುವುದನ್ನು ನೋಡಿ ಬಗ್ಗಬಹುದು, ಆದರೆ ನೋಡುತ್ತಿರಬೇಕು! ಹಾಗಾಗಿ ಜಾಣ ಆಟಗಾರ ಬಹುತೇಕ ನಿಂತೇ ಇರುತ್ತಾನೆ, ಕಾಲಿನ ಸಣ್ಣ ಏಟುಗಳನ್ನು ಸುಂಕ ಕಟ್ಟಿದ ಹಾಗೆ ತಿನ್ನುತ್ತಾನೆ, ದೊಡ್ಡದಕ್ಕೆ ಕಾದಿರುತ್ತಾನೆ. ಇದರ ಮೇಲೆ ಪಕ್ಕಕ್ಕೆ ಸರಿಯುವುದು ಬೇರೆ. ಮೂರು ಆಯಾಮದ ಅಖಾಡ ಆದ್ದರಿಂದ ಒಂದು ಸಣ್ಣ ಸೈಡ್‌ಸ್ಟೆಪ್‌ಗೆ ಎದುರಾಳಿಯ ಗುದ್ದು ಗಾಳಿಗೆ ಹೋಗುತ್ತದೆ, ಅವನ ಪಕ್ಕೆ ನಿಮ್ಮ ಮುಂದೆ ಖಾಲಿ.

ನಿಜವಾದ ಭಾರ ಇರುವುದು ತಡೆದ ನಂತರ. ನಿಮ್ಮ ಪಾತ್ರದ ಅತಿ ವೇಗದ ಗುದ್ದು, ಅಂದರೆ ಜ್ಯಾಬ್, ಸಾಮಾನ್ಯವಾಗಿ 10 ಫ್ರೇಮ್‌ಗೆ ತಾಗುತ್ತದೆ. ಎದುರಾಳಿಯ ವರಸೆ ತಡೆದಾಗ ಅವನು ನಿಮಗಿಂತ 10 ಫ್ರೇಮ್ ತಡವಾಗಿ ಚೇತರಿಸಿಕೊಂಡರೆ ನಿಮ್ಮ ಜ್ಯಾಬ್ ಬಿದ್ದೇ ಬೀಳುತ್ತದೆ. ಒಂಬತ್ತಾದರೆ ಅವನು ತಡೆದುಬಿಡುತ್ತಾನೆ. ಹದಿನೈದಾದರೆ ಹಲವು ಪಾತ್ರಗಳಿಂದ ಅವನನ್ನು ಗಾಳಿಗೆ ಎತ್ತಬಹುದು. ಯಾವ ವರಸೆಗೆ ಎಷ್ಟು ಎಂಬುದು ಪರದೆಯ ಮೇಲೆ ಬರೆದಿರುವುದಿಲ್ಲ, ತಲೆಯಲ್ಲಿರಬೇಕು. 2024ರ ಜನವರಿಯಲ್ಲಿ ಟೆಕ್ಕೆನ್ 8 ಬಂದಾಗ ಪಾತ್ರಗಳು 32, ಒಬ್ಬೊಬ್ಬರ ವರಸೆ ಪಟ್ಟಿ ನೂರರ ಆಸುಪಾಸು. ಸ್ಟ್ರೀಟ್ ಫೈಟರ್ 6 ಶುರುವಾದದ್ದು 18 ಪಾತ್ರಗಳಿಂದ, ಒಬ್ಬೊಬ್ಬರ ವಿಶೇಷ ವರಸೆಗಳನ್ನು ಬೆರಳಲ್ಲೇ ಎಣಿಸಬಹುದು. ನಿಮ್ಮ ಗೆಳೆಯ ಹೇಳುವ ‘ಬಟನ್ ಕುಟ್ಟಿ ಗೆಲ್ಲುವುದು’ ನಡೆಯುವುದು ಎದುರಿನವನಿಗೂ ಈ ಲೆಕ್ಕ ಗೊತ್ತಿಲ್ಲದಿದ್ದಾಗ ಮಾತ್ರ. ಗೊತ್ತಿದ್ದವನ ಮುಂದೆ ಕುಟ್ಟಿದರೆ ಪ್ರತಿ ಕುಟ್ಟಿಗೂ ಅವನು ಬಡ್ಡಿ ಸಮೇತ ವಸೂಲಿ ಮಾಡುತ್ತಾನೆ.

ತಡೆಗೆ ಈ ಸರಣಿಯ ಅಭಿಮಾನಿಗಳು ಎಷ್ಟು ಬೆಲೆ ಕೊಡುತ್ತಾರೆ ಎಂಬುದಕ್ಕೆ 2025ರ ಗಲಾಟೆ ಸಾಕ್ಷಿ. ಸ್ವಲ್ಪ ಹೊತ್ತು ಪಾತ್ರದ ಬಲ ಏರಿಸುವ ಟೆಕ್ಕೆನ್ 8ರ ಹೀಟ್ ವ್ಯವಸ್ಥೆ ಮೊದಲೇ ಮುನ್ನುಗ್ಗುವವರ ಪರ. ಹೀಟ್‌ನಲ್ಲಿದ್ದವನ ಏಟು ತಡೆದರೂ ಜೀವ ಸವೆಯುತ್ತದೆ. ಎರಡನೆಯ ಸೀಸನ್ನಿನ ಅಪ್‌ಡೇಟ್ ಅದನ್ನು ಇನ್ನಷ್ಟು ಏರಿಸಿದಾಗ ಆಟಗಾರರು, ವೃತ್ತಿಪರರೂ ಸೇರಿ, ‘ನಿಂತು ಯೋಚಿಸಲು ಜಾಗವೇ ಇಲ್ಲ’ ಎಂದು ತಿರುಗಿಬಿದ್ದರು. ತಂಡ ತಿದ್ದುಪಡಿಗಳನ್ನು ಹೊರಡಿಸಬೇಕಾಯಿತು. ಹೊಡೆಯುವುದನ್ನು ಹೆಚ್ಚು ಮಾಡಿಕೊಟ್ಟದ್ದಕ್ಕೆ ಫೈಟಿಂಗ್ ಗೇಮ್ ಆಡುವವರೇ ಸಿಟ್ಟಾದರು!

ಇವು ಮೂರೂ ಬದ್ಧವೈರಿಗಳು ಎಂದು ಜನ ಮಾತಾಡುತ್ತಾರೆ. ಜಪಾನಿನ ಕಡೆಯವರ ಮಟ್ಟಿಗೆ ಅದು ದಾಯಾದಿ ಜಗಳ. 1987ರ ಮೊದಲ ಸ್ಟ್ರೀಟ್ ಫೈಟರ್ ನಿರ್ದೇಶಿಸಿದ ತಕಾಶಿ ನಿಶಿಯಾಮಾ ಆಮೇಲೆ ಅದರ ಕಂಪನಿಯಾದ ಕ್ಯಾಪ್‌ಕಾಮ್ ಬಿಟ್ಟು ಪ್ರತಿಸ್ಪರ್ಧಿ ಎಸ್‌ಎನ್‌ಕೆ ಸೇರಿ 1991ರಲ್ಲಿ ಫೇಟಲ್ ಫ್ಯೂರಿ ತಂದರು. ಎಸ್‌ಎನ್‌ಕೆಯ ಇನ್ನೊಂದು ಸರಣಿಯ ನಾಯಕರು ತಮ್ಮವರನ್ನು ಹೋಲುತ್ತಾರೆಂದು ಕ್ಯಾಪ್‌ಕಾಮ್‌ನವರು 1995ರಲ್ಲಿ ಡ್ಯಾನ್ ಎಂಬ ಗುಲಾಬಿ ಬಟ್ಟೆಯ ಕೋಡಂಗಿಯನ್ನು ಸೃಷ್ಟಿಸಿ ಅಣಕಿಸಿದರು. ಐದೇ ವರ್ಷಕ್ಕೆ ಎರಡೂ ಕಂಪನಿಯ ವೀರರು ಒಂದೇ ಆಟದಲ್ಲಿ ಕೈ ಕೈ ಮಿಲಾಯಿಸಿದರು. 2012ರ ಸ್ಟ್ರೀಟ್ ಫೈಟರ್ ಎಕ್ಸ್ ಟೆಕ್ಕೆನ್‌ನಲ್ಲಿ ಟೆಕ್ಕೆನ್‌ನವರು ಸ್ಟ್ರೀಟ್ ಫೈಟರ್ ಮನೆಗೆ ಹೋಗಿ ಬಂದರು. ನಾಮ್ಕೊ ಮಾಡುತ್ತೇನೆಂದಿದ್ದ ಮರುಔತಣ ಮಾತ್ರ ಇವತ್ತಿನವರೆಗೂ ಬಂದಿಲ್ಲ. ಬದಲಿಗೆ ಸ್ಟ್ರೀಟ್ ಫೈಟರ್‌ನ ಅಕುಮಾ ಟೆಕ್ಕೆನ್ 7ಕ್ಕೆ ಬೆಂಕಿಯುಂಡೆ ಸಮೇತ ಬಂದು, ಕಥೆಯ ನಟ್ಟನಡುವೆಯೇ ಕೂತ.

ಈಗ ನಿಮ್ಮ ಆಯ್ಕೆ. ಯಾವುದು ಆಳ ಎಂಬ ಪ್ರಶ್ನೆಗೆ ನನ್ನ ಉತ್ತರ: ಮೂರರಲ್ಲೂ ಮುಳುಗುವಷ್ಟು ನೀರಿದೆ, ನೀವು ಯಾವ ರೀತಿಯ ಸೋಲನ್ನು ಸಹಿಸಬಲ್ಲಿರಿ ಎಂಬುದಷ್ಟೇ ವ್ಯತ್ಯಾಸ. ಸ್ಟ್ರೀಟ್ ಫೈಟರ್‌ನಲ್ಲಿ ಸೋತಾಗ ಸಾಮಾನ್ಯವಾಗಿ ಏಕೆ ಸೋತೆ ಎಂದು ಗೊತ್ತಾಗುತ್ತದೆ: ಜಾಗ ಬಿಟ್ಟೆ, ಮೂಲೆಗೆ ಹೋದೆ, ಹಾರಬಾರದಿತ್ತು, ಹಾರಿದೆ. ಟೆಕ್ಕೆನ್‌ನಲ್ಲಿ ಮೊದಲ ಆರು ತಿಂಗಳು ಏನು ಹೊಡೆಯಿತು ಎಂಬುದೇ ಗೊತ್ತಾಗುವುದಿಲ್ಲ. ಒಬ್ಬರೇ ಕೂತು, ಆನ್‌ಲೈನ್‌ನಲ್ಲಿ ಅಪರಿಚಿತರ ಜೊತೆ, ದಿನಕ್ಕೆ ಒಂದು ಗಂಟೆ ಆಡುವವರಿಗೆ ನಾನು ಯೋಚಿಸದೆ ಸ್ಟ್ರೀಟ್ ಫೈಟರ್ 6 ಎನ್ನುತ್ತೇನೆ. ಕಷ್ಟದ ಸ್ಟಿಕ್ ತಿರುವುಗಳು ಬಾರದಿದ್ದರೆ ಮಾಡರ್ನ್ ಕಂಟ್ರೋಲ್ ಇದೆ, ಒಂದು ಬಟನ್‌ಗೆ ವಿಶೇಷ ವರಸೆ ಬರುತ್ತದೆ. ಸುಲಭಕ್ಕೆ ದಂಡವಾಗಿ ಆ ಹೊಡೆತದ ಬಲ ನೂರಕ್ಕೆ 20ರಷ್ಟು ಕಡಿಮೆ. ಕೆಲವರು ಇದನ್ನು ಕೀಳಾಗಿ ಕಾಣುತ್ತಾರೆ. ಅವರಿಗೆ ಕಿವಿಗೊಡಬೇಡಿ.

ಆನ್‌ಲೈನ್ ಗುಣಮಟ್ಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಆ ಜಗಳ ಬಹುಮಟ್ಟಿಗೆ ಮುಗಿದಿದೆ. ಇವೊ ಸ್ಥಾಪಕರಲ್ಲೊಬ್ಬರಾದ ಟೋನಿ ಕ್ಯಾನನ್ ಬೆಳೆಸಿದ ರೋಲ್‌ಬ್ಯಾಕ್ ವಿಧಾನದಲ್ಲಿ ಯಂತ್ರ ಎದುರಾಳಿ ಮುಂದೇನು ಒತ್ತುತ್ತಾನೆಂದು ಊಹಿಸಿ ಆಟ ಓಡಿಸುತ್ತದೆ, ಊಹೆ ತಪ್ಪಾದರೆ ಕೆಲವು ಫ್ರೇಮ್ ಹಿಂದೆ ಹೋಗಿ ತಿದ್ದಿಕೊಳ್ಳುತ್ತದೆ. ಮೂರು ಸರಣಿಗಳ ಹೊಸ ಆಟಗಳಲ್ಲೂ ಈಗ ಅದೇ ಇರುವುದು.

ಆದರೆ ನೀವು ಒಬ್ಬರೇ ಅಲ್ಲ. ಮನೆಯಲ್ಲಿ ಟೆಕ್ಕೆನ್ ಬಿಟ್ಟು ಏಳದ ತಮ್ಮ ಇದ್ದಾನೆ ಎಂದು ನೀವೇ ಬರೆದಿದ್ದೀರಿ, ಅದೂ ದೂರಿನ ಧಾಟಿಯಲ್ಲಿ. ನನ್ನ ಲೆಕ್ಕವನ್ನು ಆ ಒಂದು ವಾಕ್ಯ ಬದಲಿಸಿತು. ಟೆಕ್ಕೆನ್‌ನ ಭಾರ ಅಷ್ಟೂ ತಿಳಿವಳಿಕೆಯ ಭಾರ. ಪಕ್ಕದಲ್ಲಿ ಕೂತು ‘ಅಣ್ಣ, ಅದನ್ನು ತಡೆದ ಮೇಲೆ ನಿನ್ನ ಸರದಿ’ ಎನ್ನುವವನೊಬ್ಬನಿದ್ದರೆ ಆರು ತಿಂಗಳ ಕತ್ತಲೆ ಆರು ವಾರಕ್ಕೆ ಇಳಿಯುತ್ತದೆ. ಪಾಕಿಸ್ತಾನದ ಅರ್ಸಲಾನ್ ಆಶ್ 2019ರಲ್ಲಿ ಇವೊ ಜಪಾನ್ ಮತ್ತು ಇವೊ ಎರಡನ್ನೂ ಗೆದ್ದಾಗ ಜಪಾನ್, ಕೊರಿಯಾದವರು ಬೆರಗಾದರು. ಅವರ ತಾಳ್ಮೆಯ ತಡೆ, ಸೈಡ್‌ಸ್ಟೆಪ್ ಎಲ್ಲ ತಯಾರಾದದ್ದು ಊರಿನ ಎದುರಾಳಿಗಳ ಜೊತೆ ಎದುರುಬದುರು ಕೂತು ಆಡಿಯೇ. ನಮ್ಮಲ್ಲಿ ನನ್ನಂಥವರು ಇನ್ನೂ ಇದ್ದಾರೆ ಎಂದು ಅವರು ಆಗ ಹೇಳಿದ್ದು ಬರೀ ವಿನಯವಾಗಿರಲಿಲ್ಲ. ಆದ್ದರಿಂದ ನಿಮಗೆ ಟೆಕ್ಕೆನ್ 8.

ಮೊದಲ ವಾರ ಹೀಗೆ ಮಾಡಿ. ತಮ್ಮ ಒಂದೇ ಪಾತ್ರ ಆಡಲಿ, ನೀವೂ ಒಂದನ್ನೇ ಹಿಡಿಯಿರಿ. ನಿಮ್ಮ ಬೆರಳು ಇಲ್ಲದ ಬ್ಲಾಕ್ ಬಟನ್‌ಗಾಗಿ ತಡಕಾಡುತ್ತದೆ, ಏನಾದರೊಂದು ಒತ್ತಿಬಿಡುತ್ತೀರಿ, ಒತ್ತಿದ ಕ್ಷಣವೇ ತಡೆ ಕಳಚುತ್ತದೆ. ಅದನ್ನು ಬಿಡಿಸಿಕೊಳ್ಳಲು ಮೊದಲ ಎರಡು ದಿನ ಬಟನ್ ಮುಟ್ಟಲೇಬೇಡಿ, ನಿಂತು ತಡೆಯಿರಿ, ಬಗ್ಗಿ ತಡೆಯಿರಿ, ಸೋಲಿರಿ. ಮೂರನೆಯ ದಿನದಿಂದ ಅವನ ಒಂದೇ ಒಂದು ವರಸೆ ಆರಿಸಿಕೊಳ್ಳಿ, ಅದನ್ನು ತಡೆದಾಗಲೆಲ್ಲ ಒಂದು ಜ್ಯಾಬ್ ಹಾಕಿ. ಬಿತ್ತೇ, ಅವನು ತಡೆದನೇ, ಬರೆದಿಟ್ಟುಕೊಳ್ಳಿ. ವಾರದ ಕೊನೆಗೆ ಅವನು ಆ ವರಸೆ ಬಿಡುವುದನ್ನೇ ನಿಲ್ಲಿಸಿರುತ್ತಾನೆ. ಆಮೇಲೆ ಇನ್ನೊಂದಕ್ಕೆ ಕೈ ಹಾಕಿ.